ಮನೆಯವರ ಮೇಲೆ ಸಾವಿನ ಕೇಸು ಬಿದ್ದರೆ...

‘ನಮ್ಗೆಂತ ಕೋರ್ಟು, ಕಚೇರಿ? ನಾವು ನಮ್ಮ ಪಾಡಿಗೆ ಇರುವವರು’ ಎನ್ನುವ ಮಾತು ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಸಾಮಾನ್ಯ. ಕೊಲೆ, ಬಂಧನ, ಜೈಲು ಎಲ್ಲ ಬೆಳಿಗ್ಗೆ ಕಾಫಿ ಜೊತೆ ಪೇಪರಿನಲ್ಲಿ ಓದುವ ಸುದ್ದಿ. ಅದು ಬೇರೆ ಯಾರದ್ದೋ ಮನೆಯ ಕಥೆ ಅಂತಲೇ ನಾವು ಪುಟ ತಿರುಗಿಸುತ್ತೇವೆ.

ಆದರೆ ಸ್ವಲ್ಪ ಯೋಚಿಸಿ ನೋಡಿ. ನಿಮ್ಮ ಯಜಮಾನರು ದಿನಾ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರು ಓಡಿಸಿಕೊಂಡು ಉಡುಪಿಗೆ ಹೋಗಿ ಬರುತ್ತಾರೆ. ಕಾಲೇಜಿಗೆ ಹೋಗುವ ಮಗ ಬೈಕು ಬಿಡುತ್ತಾನೆ. ಊರಿನ ಮನೆಯಲ್ಲಿ ಮಾವನವರು ಗದ್ದೆಗೆ ಬರುವ ಹಂದಿ ತಡೆಯಲು ಬೇಲಿ ಕಟ್ಟಿಸುತ್ತಾರೆ. ಜಾಗದ ಗಡಿ ವಿಚಾರದಲ್ಲಿ ಅಣ್ಣ-ತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆದು ತಳ್ಳಾಟ ಆಗುತ್ತದೆ. ಇವುಗಳಲ್ಲಿ ಯಾವುದಾದರೂ ಒಂದು ಕಡೆ ಒಂದು ಜೀವ ಹೋದರೆ, ಅವತ್ತು ಸಂಜೆಯೊಳಗೆ ಪೊಲೀಸ್ ಜೀಪು ನಿಮ್ಮ ಗೇಟಿನ ಎದುರು ನಿಲ್ಲಬಹುದು. ಆಗ ಮನೆಯಲ್ಲಿ ಇರುವವರು ನೀವು. ಫೋನು ಎತ್ತಬೇಕಾದವರು, ಕಾಗದಪತ್ರ ಹುಡುಕಬೇಕಾದವರು, ಮಕ್ಕಳನ್ನು ಸಮಾಧಾನ ಮಾಡಬೇಕಾದವರೂ ನೀವೇ.

ಹಾಗಾಗಿ ಈ ವಿಷಯ ನಮಗೆ ಬೇಡ ಅನ್ನಬೇಡಿ. ಅಡುಗೆ ಮನೆಯ ಗ್ಯಾಸಿಗೆ ಬೆಂಕಿ ಹತ್ತಿದರೆ ಏನು ಮಾಡಬೇಕು ಅಂತ ತಿಳಿದಿರುವಂತೆಯೇ ಇದನ್ನೂ ತಿಳಿದಿರುವುದು ಒಳ್ಳೆಯದು.

ಸಾವು ಒಂದೇ, ಕಲಮು ಬೇರೆ ಬೇರೆ

ಒಬ್ಬರು ಸತ್ತರು ಅಂದ ಮಾತ್ರಕ್ಕೆ ಎಲ್ಲವೂ ‘ಕೊಲೆ’ ಅಲ್ಲ. ಸಾವಿಗೆ ಕಾರಣನಾದವನ ಮನಸ್ಸಿನಲ್ಲಿ ಆ ಹೊತ್ತಿಗೆ ಏನಿತ್ತು ಎನ್ನುವುದನ್ನು ಕಾನೂನು ಕೇಳುತ್ತದೆ. ಆರೋಪಿಯ ಪರ ವಕೀಲರ ವಾದವೆಲ್ಲ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೂ ಮೊದಲು ನಡೆದ ಘಟನೆಗಳಿಗೆ ಹಳೇ ಕಾಯಿದೆಯೇ ಅನ್ವಯ. ಹೊಸ ಕಾಯಿದೆಯಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲು ಇವೆ.

ಮೊದಲನೆಯದು, ನಿರ್ಲಕ್ಷ್ಯದಿಂದ ಆದ ಸಾವು. ಕಲಂ 106. ಕೊಲ್ಲುವ ಉದ್ದೇಶವೂ ಇಲ್ಲ, ಸಾಯಬಹುದು ಎಂಬ ಅರಿವೂ ಇಲ್ಲ, ಆದರೆ ಇರಬೇಕಾದ ಎಚ್ಚರ ಇರಲಿಲ್ಲ. ಸಾಮಾನ್ಯ ರಸ್ತೆ ಅಪಘಾತಗಳು ಇಲ್ಲಿಗೆ ಬರುತ್ತವೆ. ಮೊದಲು 304ಎ ಕಲಂ ಪ್ರಕಾರ 2 ವರ್ಷ ಇದ್ದ ಗರಿಷ್ಠ ಜೈಲು ಶಿಕ್ಷೆ ಈಗ 5 ವರ್ಷಕ್ಕೆ ಏರಿದೆ. ಇದು ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಜಾಮೀನು ಪಡೆಯಬಹುದು.

ಎರಡನೆಯದು, ಕೊಲೆಯಲ್ಲದ ನರಹತ್ಯೆ. ಕಲಂ 105. ‘ಹೀಗೆ ಮಾಡಿದರೆ ಜೀವ ಹೋಗಬಹುದು’ ಎಂದು ಗೊತ್ತಿದ್ದೂ ಮಾಡಿದ ಕೆಲಸ, ಅಥವಾ ಸಿಟ್ಟಿನ ಭರದಲ್ಲಿ, ದಿಢೀರ್ ಜಗಳದಲ್ಲಿ ಆಗಿಹೋದ ಸಾವು. ಬರೀ ಅರಿವು ಇದ್ದರೆ 10 ವರ್ಷದವರೆಗೆ ಶಿಕ್ಷೆ. ಉದ್ದೇಶವೂ ಇತ್ತೆಂದಾದರೆ 5ರಿಂದ 10 ವರ್ಷ, ಇಲ್ಲವೇ ಜೀವಾವಧಿ.

ಮೂರನೆಯದು ಕೊಲೆ. ಕಲಂ 103. ಜೀವಾವಧಿ ಅಥವಾ ಮರಣದಂಡನೆ. ಎರಡು ಮತ್ತು ಮೂರನೆಯ ಮೆಟ್ಟಿಲಿನಲ್ಲಿ ಜಾಮೀನು ಕೊಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಮೆಟ್ಟಿಲು ಹೇಗೆ ಬದಲಾಗುತ್ತದೆ?

2016ರ ಜೂನ್ 21ರ ಬೆಳಿಗ್ಗೆಯನ್ನು ನಮ್ಮ ಕಡೆಯವರು ಯಾರೂ ಮರೆತಿರಲಿಕ್ಕಿಲ್ಲ. ತ್ರಾಸಿ ಸಮೀಪದ ಮೊವಾಡಿ ಕ್ರಾಸ್ ಬಳಿ ಶಾಲಾ ಮಕ್ಕಳಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 8 ಪುಟ್ಟ ಮಕ್ಕಳು ತೀರಿಕೊಂಡರು. ಅಂಥ ಹೊತ್ತಿನಲ್ಲಿ ‘ಇದು ಅಪಘಾತ ಅಲ್ಲ, ಕೊಲೆಯೇ’ ಅಂತ ಅನ್ನಿಸುವುದು ಸಹಜ. ಮಕ್ಕಳನ್ನು ಕಳಕೊಂಡ ತಾಯಂದಿರ ಸಂಕಟಕ್ಕೆ ಬೇರೆ ಹೆಸರಿಲ್ಲ. ಆದರೆ ನ್ಯಾಯಾಲಯ ಸಂಕಟದ ಆಳ ನೋಡಿ ಕಲಂ ಹಾಕುವಂತಿಲ್ಲ. ಇಂಥ ಯಾವುದೇ ಪ್ರಕರಣದಲ್ಲಿ ವೇಗ ಎಷ್ಟಿತ್ತು, ಯಾರು ಯಾವ ಕಡೆಯಿಂದ ಬಂದರು, ವಾಹನದಲ್ಲಿ ಎಷ್ಟು ಜನ ಇದ್ದರು, ಚಾಲಕ ಕುಡಿದಿದ್ದನೇ ಎಂಬುದನ್ನೆಲ್ಲ ಒಂದೊಂದಾಗಿ ನೋಡಲೇಬೇಕು.

ಕುಡಿದಿದ್ದರೆ ಲೆಕ್ಕ ಬೇರೆ. ನಮ್ಮವರು ಎಷ್ಟೋ ಮಂದಿ ನೆಲೆಸಿರುವ ಮುಂಬಯಿಯಲ್ಲಿ, 2006ರ ನವೆಂಬರಿನಲ್ಲಿ, ಬಾಂದ್ರಾದ ಕಾರ್ಟರ್ ರೋಡಿನ ಬದಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಮಂದಿ ಸತ್ತರು. ಕೆಳ ನ್ಯಾಯಾಲಯ ಅದನ್ನು ನಿರ್ಲಕ್ಷ್ಯ ಎಂದಿತು. ಹೈಕೋರ್ಟು ಒಪ್ಪಲಿಲ್ಲ. ಕುಡಿದು ಬೇಕಾಬಿಟ್ಟಿ ಓಡಿಸಿದರೆ ಜೀವ ಹೋಗಬಹುದೆಂಬ ಅರಿವು ಚಾಲಕನಿಗೆ ಇದ್ದೇ ಇರುತ್ತದೆ, ಇದು ಕೊಲೆಯಲ್ಲದ ನರಹತ್ಯೆ ಎಂದು 3 ವರ್ಷ ಶಿಕ್ಷೆ ಕೊಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮದುವೆ ರಿಸೆಪ್ಶನ್ ಮುಗಿಸಿ ‘ಒಂದೇ ಪೆಗ್ಗು ಮಾರಾಯ್ತಿ’ ಎಂದು ಸ್ಟಿಯರಿಂಗ್ ಹಿಡಿಯುವ ಗಂಡನಿಗೆ ಈ ಪ್ಯಾರಾ ಓದಿ ಹೇಳಿ.

ಹಂದಿ ಬೇಲಿಗೆ ಕರೆಂಟು ಹಾಯಿಸುವವರೂ ಕೇಳಬೇಕಾದ ಒಂದು ಪ್ರಕರಣ ಇದೆ. ಬಿಹಾರದಲ್ಲಿ ಒಬ್ಬಾತ, ಪಕ್ಕದ ಮನೆಯವರು ತನ್ನ ಶೌಚಾಲಯ ಬಳಸಬಾರದೆಂದು ಅಲ್ಲಿಗೆ ಹೋಗುವ ಜಾಗದಲ್ಲಿ ವಿದ್ಯುತ್ ಹರಿಯುವ ತಾಮ್ರದ ತಂತಿ ಕಟ್ಟಿದ. ನೆರೆಮನೆಯ ಹೆಂಗಸು ಅದಕ್ಕೆ ತಾಗಿ ಸತ್ತಳು. ‘ಅವಳು ಅಪ್ಪಣೆ ಇಲ್ಲದೆ ನನ್ನ ಜಾಗಕ್ಕೆ ಬಂದದ್ದು’ ಎಂಬ ಅವನ ವಾದವನ್ನು 1963ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ ಶಿಕ್ಷೆ ಖಾಯಂ ಮಾಡಿತು. ನಮ್ಮ ಜಾಗ, ನಮ್ಮ ತಂತಿ ಅಂದರೆ ಕಾನೂನು ಕೇಳುವುದಿಲ್ಲ.

ಮೊದಲ ದಿನ ಏನು ಮಾಡಬೇಕು?

* ಓಡಿಹೋಗಲು ಬಿಡಬೇಡಿ. ಅಪಘಾತವಾದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಸಾಧ್ಯವಿರುವ ಎಲ್ಲ ಪ್ರಯತ್ನ ಮಾಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯಿದೆ. ಜನ ಹೊಡೆಯಲು ಬಂದರೆ ನೇರ ಠಾಣೆಗೆ ಹೋಗಿ ಹೇಳಲಿ. ಗುದ್ದಿ ಪರಾರಿಯಾದವರಿಗೆ 10 ವರ್ಷ ಶಿಕ್ಷೆ ಎನ್ನುವ ಉಪಕಲಮಿಗೆ ಲಾರಿ ಚಾಲಕರ ವಿರೋಧ ಬಂದು, 2024ರ ಜುಲೈಯಲ್ಲಿ ಉಳಿದ ಕಾಯಿದೆ ಜಾರಿಯಾದಾಗ ಅದನ್ನು ತಡೆಹಿಡಿಯಲಾಯಿತು ನಿಜ. ಆದರೂ ಓಡಿಹೋದವನ ಮಾತನ್ನು ನಂಬುವವರು ಕಡಿಮೆ.

* ವಕೀಲರಿಗೆ ಫೋನು ಮಾಡಿ. ನೆಂಟರಿಷ್ಟರಿಗೆಲ್ಲ ಹೇಳಿ ಮುಗಿಸಿ ಕೊನೆಗೆ ವಕೀಲರ ನಂಬರು ಹುಡುಕುವುದಲ್ಲ. ಮೊದಲ ಫೋನು ಅವರಿಗೇ ಇರಲಿ. ಆಸ್ತಿ ಪತ್ರ ಮಾಡಿಕೊಟ್ಟ ಪರಿಚಯದ ವಕೀಲರೇ ಆಗಬೇಕೆಂದಿಲ್ಲ. ಕ್ರಿಮಿನಲ್ ಕೇಸು, ಅದರಲ್ಲೂ ಸೆಷನ್ಸ್ ಕೇಸು ನಡೆಸಿದ ಅನುಭವ ಇದೆಯೇ ಅಂತ ಧೈರ್ಯವಾಗಿ ಕೇಳಿ. ಇನ್ನೂ ಬಂಧನ ಆಗಿಲ್ಲವಾದರೆ ನಿರೀಕ್ಷಣಾ ಜಾಮೀನಿಗೆ ಅವಕಾಶ ಇದೆಯೇ ಅಂತಲೂ ವಿಚಾರಿಸಿ.

* ಎಲ್ಲಿಗೆ, ಯಾಕೆ ಕರೆದೊಯ್ಯುತ್ತಿದ್ದಾರೆ ಕೇಳಿ. ಬಂಧನದ ಕಾರಣ ಹೇಳುವುದು ಮತ್ತು ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಬಂಧನದ ಮೆಮೊ ಬರೆದು ಮನೆಯ ಒಬ್ಬರ ಅಥವಾ ಊರಿನ ಒಬ್ಬರ ಸಹಿ ಪಡೆಯಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರು ಮಾಡಬೇಕು. ಈ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

* ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಅದನ್ನು ಪಡೆಯುವುದು ಆರೋಪಿಯ ಹಕ್ಕು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಕಲಂ ಹಾಕಿದ್ದಾರೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

* ಏನನ್ನೂ ತೊಳೆಯಬೇಡಿ, ಸುಡಬೇಡಿ, ಅಳಿಸಬೇಡಿ. ರಕ್ತ ತಾಗಿದ ಅಂಗಿಯನ್ನು ನೆನೆಹಾಕುವುದು, ಮೊಬೈಲಿನ ಮೆಸೇಜು ಡಿಲೀಟ್ ಮಾಡುವುದು ಗಂಡನನ್ನು ಉಳಿಸುವುದಿಲ್ಲ. ಸಾಕ್ಷ್ಯ ನಾಶದ ಆರೋಪದಲ್ಲಿ ನಿಮ್ಮನ್ನೂ ಸಿಕ್ಕಿಸುತ್ತದೆ.

* ನಿರಪರಾಧಿ ಎಂದು ತೋರಿಸುವ ಕಾಗದ ಜೋಪಾನ ಮಾಡಿ. ಪೆಟ್ರೋಲ್ ಬಂಕಿನ ಬಿಲ್ಲು, ಟೋಲ್ ರಶೀದಿ, ಆಸ್ಪತ್ರೆಯ ಚೀಟಿ ಎಲ್ಲವೂ ಬೇಕು. ಪಕ್ಕದ ಅಂಗಡಿಯ ಸಿಸಿ ಕ್ಯಾಮೆರಾದ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ವಕೀಲರಿಗೆ ಬೇಗ ತಿಳಿಸಿದರೆ ಅದನ್ನು ಉಳಿಸಿಕೊಳ್ಳಲು ಅರ್ಜಿ ಹಾಕುತ್ತಾರೆ.

ಪೊಲೀಸರು ನಿಮ್ಮನ್ನೇ ಕೇಳಿದರೆ?

ಸಾಕ್ಷಿಯಾಗಿ ಹೇಳಿಕೆ ಪಡೆಯಲು ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ. ಅವರು ವಾಸವಿರುವ ಮನೆಗೇ ಬಂದು ಕೇಳಬೇಕು. ‘ಇಲ್ಲಿಗೇ ಬನ್ನಿ, ನಾನು ಸಹಕರಿಸುತ್ತೇನೆ’ ಎಂದು ಮರ್ಯಾದೆಯಿಂದ ಹೇಳಬಹುದು. ಹಾಗೆ ಬರೆದುಕೊಂಡ ಹೇಳಿಕೆಗೆ ಸಹಿ ಹಾಕುವ ಅಗತ್ಯವಿಲ್ಲ. ಸುಳ್ಳು ಮಾತ್ರ ಹೇಳಬೇಡಿ. ನೋಡಿದ್ದನ್ನು ನೋಡಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ಗಂಡ ಹೆಂಡತಿ ನಡುವಿನ ಮಾತಿಗೆ ಕಾನೂನಿನಲ್ಲೂ ಬೆಲೆ ಇದೆ. ದಾಂಪತ್ಯದಲ್ಲಿ ಗಂಡ ನಿಮ್ಮ ಹತ್ತಿರ ಹೇಳಿಕೊಂಡದ್ದನ್ನು ಕೋರ್ಟಿನಲ್ಲಿ ಹೇಳಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. ಅವರಿಬ್ಬರ ನಡುವಿನ ದಾವೆಗೆ ಮತ್ತು ಒಬ್ಬರ ಮೇಲೆ ಇನ್ನೊಬ್ಬರು ಎಸಗಿದ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಹಾಗೆಯೇ ಪೊಲೀಸರ ಎದುರು ಆರೋಪಿ ‘ತಪ್ಪೊಪ್ಪಿಕೊಂಡ’ ಎಂದು ಸುದ್ದಿಯಾದರೂ ಆ ಹೇಳಿಕೆ ನ್ಯಾಯಾಲಯದಲ್ಲಿ ಸಾಕ್ಷ್ಯ ಆಗುವುದಿಲ್ಲ. ಅದರಿಂದ ವಸ್ತು ಏನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಆರೋಪಿ ಮಹಿಳೆಯೇ ಆಗಿದ್ದರೆ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದಿರಬೇಕು. ಕೊಲೆ ಆರೋಪದಲ್ಲೂ ಮಹಿಳೆ ಎಂಬ ಕಾರಣಕ್ಕೆ ಜಾಮೀನು ಪರಿಗಣಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇನ್ನೊಂದು ಮಾತು, ಅತ್ಯಾಚಾರಕ್ಕೆ ಬಂದವನಿಂದ, ಆ್ಯಸಿಡ್ ಎರಚಲು ಬಂದವನಿಂದ, ಪ್ರಾಣ ತೆಗೆಯಲು ಬಂದವನಿಂದ ತನ್ನನ್ನು ಕಾಪಾಡಿಕೊಳ್ಳುವಾಗ ಅವನ ಜೀವ ಹೋದರೂ ಅದು ಅಪರಾಧವಲ್ಲ. ಇದು ಆತ್ಮರಕ್ಷಣೆಯ ಹಕ್ಕು. ಆದರೆ ಅಪಾಯ ಕಳೆದ ಮೇಲೆ ಬೆನ್ನಟ್ಟಿ ಹೊಡೆದರೆ ಆ ಹಕ್ಕು ಉಳಿಯುವುದಿಲ್ಲ.

ದುಡ್ಡಿಲ್ಲ, ವಕೀಲರನ್ನು ಎಲ್ಲಿಂದ ತರುವುದು?

ದುಡಿಯುವವರೇ ಒಳಗೆ ಹೋದರೆ ಮನೆ ನಡೆಸುವುದೇ ಕಷ್ಟ. ಚಿನ್ನ ಅಡವಿಡುವ ಮುಂಚೆ ಇದನ್ನು ತಿಳಿಯಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಪ್ರಕಾರ, ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ ಮತ್ತು ಎಲ್ಲ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಕುಂದಾಪುರದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಸಹಾಯವಾಣಿ 15100. ಆರೋಪಿಗಳ ಪರ ವಾದಿಸಲೆಂದೇ ವಕೀಲರನ್ನು ನೇಮಿಸುವ ವ್ಯವಸ್ಥೆ 2022ರಿಂದ ದೇಶದ ಹಲವು ಜಿಲ್ಲೆಗಳಲ್ಲಿ ಬಂದಿದೆ.

‘ಬಿಟ್ಟಿ ವಕೀಲರು ಸರಿಯಾಗಿ ವಾದಿಸ್ತಾರಾ?’ ಅಂತ ಅನುಮಾನ ಬರುವುದು ಸಹಜ. ಸರಿಯಾಗಿ ನಡೆಸದಿದ್ದರೆ ಬದಲಿಸಿಕೊಡಿ ಎಂದು ಪ್ರಾಧಿಕಾರಕ್ಕೇ ಅರ್ಜಿ ಕೊಡಬಹುದು. ‘ನಾನು ಸ್ಟೇಷನ್‌ನಲ್ಲಿ ಹೇಳಿ ಕೇಸು ಮುಗಿಸಿಕೊಡ್ತೆ’ ಎಂದು ಬರುವ ಮಧ್ಯವರ್ತಿಗಳಿಗಿಂತ ಸಾವಿರ ಪಾಲು ವಾಸಿ. ಸಾವಿನ ಪ್ರಕರಣಗಳು ರಾಜಿ ಆಗುವಂಥವಲ್ಲ. ಹಿರಿಯರು ಕೂತು ಮಾತಾಡಿ ಪರಿಹಾರ ಕೊಡಿಸಿದರೂ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಕೊಲೆ ಕೇಸಿನಲ್ಲಿ ಬಂಧಿಸಿ ನ್ಯಾಯಾಂಗಕ್ಕೆ ಒಪ್ಪಿಸಿದ ದಿನದಿಂದ 90 ದಿನದೊಳಗೆ ಪೊಲೀಸರು ಆರೋಪ ಪಟ್ಟಿ ಹಾಕಬೇಕು. ಸಣ್ಣ ಶಿಕ್ಷೆಯ ಕೇಸುಗಳಿಗೆ 60 ದಿನ. ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ತಾನಾಗಿ ಅಲ್ಲ, ಅರ್ಜಿ ಹಾಕಬೇಕು. ಅರ್ಜಿ ಹಾಕುವಷ್ಟರಲ್ಲಿ ಆರೋಪ ಪಟ್ಟಿ ಬಂದರೆ ಆ ಹಕ್ಕು ಹೋಯಿತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನಕ್ಕೆ ಒಂದು ಸುತ್ತು ಹಾಕಿಡಿ, ವಕೀಲರಿಗೆ ನೆನಪಿಸಿ.

ಕೊಲೆ ಮತ್ತು ನರಹತ್ಯೆಯ ವಿಚಾರಣೆ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಕುಂದಾಪುರದಲ್ಲೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇದೆ. ಹೈಕೋರ್ಟಿಗೆ ಹೋಗಬೇಕಾದರೆ ನಮ್ಮ ಜಿಲ್ಲೆಯವರಿಗೆ ಬೆಂಗಳೂರು. ಶಿರೂರು ದಾಟಿ ಭಟ್ಕಳದ ಗಡಿಯೊಳಗೆ ನಡೆದ ಘಟನೆಯಾದರೆ ಧಾರವಾಡ ಪೀಠ.

‘ಕೊಲೆಗಾರನ ಪರ ವಕೀಲರು ಯಾಕೆ ನಿಲ್ಲಬೇಕು?’

ಈ ಪ್ರಶ್ನೆಯನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದವರೇ. ಉತ್ತರಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಮೂರು ಪ್ರಕರಣ ನೋಡಿ.

ಕೊಡಗಿನ ಒಬ್ಬ ಕೂಲಿಕಾರನ ಹೆಂಡತಿ ಕಾಣೆಯಾದಳು. ಅವನೇ ಹೋಗಿ ದೂರು ಕೊಟ್ಟ. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿದಾಗ ಅದು ಅವಳದ್ದೇ ಎಂದು 2021ರಲ್ಲಿ ಅವನನ್ನು ಕೊಲೆ ಆರೋಪದಲ್ಲಿ ಜೈಲಿಗೆ ಹಾಕಿದರು. ವರ್ಷಕ್ಕೂ ಮಿಕ್ಕಿ ಒಳಗಿದ್ದ. ಡಿಎನ್‌ಎ ತಾಳೆಯಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಂಡಳು! ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆ ಮನೆಯ ಮಕ್ಕಳು ಅಷ್ಟು ಕಾಲ ‘ಅಪ್ಪನೇ ಅಮ್ಮನನ್ನು ಕೊಂದ’ ಎಂಬ ಮಾತು ಕೇಳಿಕೊಂಡು ಬದುಕಬೇಕಾಯಿತು.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. 2012ರ ಅಕ್ಟೋಬರಿನಲ್ಲಿ ಧರ್ಮಸ್ಥಳದ ಬಳಿ ನಡೆದ ಕಾಲೇಜು ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ. ಆಗ ಬಂಧಿತನಾದ ಕಾರ್ಕಳ ಕಡೆಯ ವ್ಯಕ್ತಿಯನ್ನು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ 2023ರ ಜೂನ್‌ನಲ್ಲಿ ಬಿಡುಗಡೆ ಮಾಡಿತು. ಸುಮಾರು 11 ವರ್ಷ ಆ ಹೆಸರಿಗೆ ಆರೋಪ ಅಂಟಿಕೊಂಡಿತ್ತು. ಆ ಹುಡುಗಿಯ ಮನೆಯವರಿಗಂತೂ ನ್ಯಾಯ ಸಿಕ್ಕಲೇ ಇಲ್ಲ. ತಪ್ಪು ಮನುಷ್ಯನನ್ನು ಹಿಡಿದರೆ ನಷ್ಟ ಎರಡೂ ಮನೆಗೆ.

ಹಾಗಂತ ವಕೀಲರಿದ್ದರೆ ತಪ್ಪಿತಸ್ಥ ಪಾರಾಗುತ್ತಾನೆ ಅಂದುಕೊಳ್ಳಬೇಡಿ. 2016ರಲ್ಲಿ ಉಡುಪಿಯನ್ನೇ ನಡುಗಿಸಿದ ಉದ್ಯಮಿ ಭಾಸ್ಕರ ಶೆಟ್ಟಿ ಕೊಲೆ ಪ್ರಕರಣದಲ್ಲಿ ಆರೋಪಿಗಳ ಪರ ವಾದವೂ ನಡೆಯಿತು. 2021ರ ಜೂನ್‌ನಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಸಾಕ್ಷ್ಯ ನಾಶದ ಆರೋಪ ಹೊತ್ತಿದ್ದ ಒಬ್ಬಾತ ಬಿಡುಗಡೆಯಾದ. ಒಬ್ಬೊಬ್ಬರ ಪಾಲು ಎಷ್ಟು ಅಂತ ತೂಗಿ ನೋಡಿದ ಮೇಲೆ ಬಂದ ತೀರ್ಪು ಅದು.

ಇಂಥ ಆರೋಪಿಯ ಪರ ಯಾರೂ ವಾದಿಸಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದೇ ಸಂವಿಧಾನಕ್ಕೆ ವಿರುದ್ಧ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಳ್ಳನ್ನು ಸತ್ಯ ಮಾಡುವುದು ವಕೀಲರ ಕೆಲಸವಲ್ಲ. ‘ನೀವು ಹೇಳುವುದನ್ನು ಸಾಬೀತು ಮಾಡಿ ತೋರಿಸಿ’ ಎಂದು ಸರ್ಕಾರವನ್ನು ಕೇಳುವುದು ಅವರ ಕೆಲಸ. ಹಾಗಾಗಿ ನಿಮ್ಮ ವಕೀಲರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಅರ್ಧ ಮುಚ್ಚಿಟ್ಟರೆ ಆ ಅರ್ಧವೇ ಕಟಕಟೆಯಲ್ಲಿ ತೊಂದರೆ ಕೊಡುತ್ತದೆ.

ತಾಯಂದಿರಿಗೊಂದು ಎಚ್ಚರಿಕೆ

18 ತುಂಬದ ಮಗನಿಗೆ ಟ್ಯೂಷನ್‌ಗೆ ಅಂತ ಸ್ಕೂಟರಿನ ಕೀ ಕೊಡುತ್ತೀರಾ? ಅವನಿಂದ ಅಪಘಾತವಾದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಆರ್‌ಸಿ ನಿಮ್ಮ ಹೆಸರಿನಲ್ಲಿದ್ದರೆ ಆರೋಪಿಯ ಜಾಗದಲ್ಲಿ ನಿಲ್ಲಬೇಕಾದವರು ನೀವೇ.

ಕೊನೆಗೊಂದು ಮಾತು. ಸತ್ತವರ ಮನೆಯಲ್ಲೂ ನಿಮ್ಮಂಥ ಒಬ್ಬ ಹೆಂಗಸು ಕೂತು ಅಳುತ್ತಿರುತ್ತಾಳೆ. ಅವರ ಮೇಲೆ ಒತ್ತಡ ಹೇರಲು, ಸಾಕ್ಷಿಗಳನ್ನು ಹೆದರಿಸಲು ನಿಮ್ಮ ಕಡೆಯವರಿಗೆ ಬಿಡಬೇಡಿ. ಅದು ಜಾಮೀನಿಗೂ ಕುತ್ತು, ಮನುಷ್ಯತ್ವಕ್ಕೂ ಕುತ್ತು. ನೆರೆಯವರ ನಾಲಿಗೆಗೆ ಉತ್ತರ ಕೊಡುತ್ತಾ ಕೂರಬೇಡಿ. ತೀರ್ಪು ಬರುವವರೆಗೆ ಆರೋಪಿ ಎಂದರೆ ಆರೋಪಿ ಮಾತ್ರ. ಇವತ್ತೇ ಒಬ್ಬ ವಕೀಲರ ನಂಬರನ್ನೂ 15100ನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ, ಗ್ಯಾಸ್ ಏಜೆನ್ಸಿ ನಂಬರಿನ ಕೆಳಗೆ ಬರೆದಿಡಿ. ಅದು ಬೇಕಾಗದೇ ಇರಲಿ.